ಕೊರತೆ ತುಂಬಲು ನಿವೇಶನ ಮಾರುವ ಮುನ್ನ ಪೂರ್ತಿ ಲೆಕ್ಕ ಸದಸ್ಯರ ಮುಂದೆ ಬರಲಿ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯ ತುಮಕೂರು ಪುಟದಲ್ಲಿ ಈಚೆಗೆ ಪ್ರಕಟವಾದ ಒಂದು ವಾರ್ಷಿಕ ಮಹಾಸಭೆಯ ತಿಳಿವಳಿಕೆ ಪತ್ರವನ್ನು ನಾನು ಎರಡು ಮೂರು ಬಾರಿ ಓದಿದೆ. ಹಳ್ಳಿಗಾಡಿನ ಬಡ ಮಕ್ಕಳಿಗೆ ಹಲವು ದಶಕಗಳಿಂದ ಉಚಿತ ಊಟ, ವಸತಿ ಕೊಟ್ಟು ಓದಿಸುತ್ತಿರುವ ನಗರದ ವಿದ್ಯಾರ್ಥಿನಿಲಯವೊಂದನ್ನು ನಡೆಸುವ ಸಂಘದ ತಿಳಿವಳಿಕೆ ಅದು. ಕಳೆದ ಸಭೆಯ ನಡಾವಳಿ ಓದಿ ದೃಢೀಕರಿಸುವುದು, ವಾರ್ಷಿಕ ವರದಿ, ಲೆಕ್ಕಪತ್ರಗಳ ಅಂಗೀಕಾರ, ಮುಂದಿನ ಸಾಲಿಗೆ ಲೆಕ್ಕಪರಿಶೋಧಕರ ನೇಮಕ ಎಂಬ ಎಂದಿನ ವಿಷಯಗಳ ಕೆಳಗೆ, ಐದನೆಯದಾಗಿ, ‘ಸಂಘದ ಖಾಲಿ ನಿವೇಶನದ ವಿಲೇವಾರಿ ಬಗ್ಗೆ ತೀರ್ಮಾನಿಸುವುದು’ ಎಂಬ ಒಂದು ಸಾಲು ಇತ್ತು. ಆ ಒಂದು ಸಾಲಿನ ಹಿಂದೆ ಏಳು ವರ್ಷಗಳ ಕೊರತೆಯಿದೆ. ಅದರ ವಿಚಾರವನ್ನು ಸಭೆಗೆ ಮುನ್ನವೇ ಸದಸ್ಯರ ಮತ್ತು ದಾನಿಗಳ ಗಮನಕ್ಕೆ ತರುವುದು ಅಗತ್ಯವೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇನೆ.

ಸಂಘದ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ಹೆಸರು ಬಂದರೆ ಈ ತಿಂಗಳು ಬರಬೇಕಾದ ದೇಣಿಗೆಯೂ ನಿಲ್ಲಬಹುದು. ಅದರ ಪೆಟ್ಟು ಮೊದಲು ಬೀಳುವುದು ಮಕ್ಕಳ ತಟ್ಟೆಯ ಮೇಲೆ. ಸದಸ್ಯನಾಗಿಯೋ ಆಹ್ವಾನಿತನಾಗಿಯೋ ಜಿಲ್ಲೆಯ ಬೇರೆ ಕೆಲವು ಸಂಘಗಳ ಮಹಾಸಭೆಗಳಿಗೂ ಹೋಗಿ ಬಂದವನಾಗಿ ಹೇಳುವುದಾದರೆ, ಈ ತೊಂದರೆ ಒಂದೇ ಮನೆಯದೂ ಅಲ್ಲ. ನಾನು ಪಾವಗಡ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದು, ಪಿಯುಸಿಯಿಂದ ಪದವಿಯವರೆಗೆ ಐದು ವರ್ಷ ಇದೇ ನಿಲಯದಲ್ಲಿ ಒಂದು ರೂಪಾಯಿಯನ್ನೂ ಕೊಡದೆ ಉಂಡು ಓದಿದವನು. ಆ ಮೇಲೆ ಖಜಾನೆ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾಗಿದ್ದೇನೆ. ಮೊದಲ ವರ್ಷದ ಸಂಬಳದಲ್ಲಿ ಉಳಿಸಿದ ಹಣದಿಂದ ಸಂಘದ ಆಜೀವ ಸದಸ್ಯನಾದೆ. ಲೆಕ್ಕ ನೋಡುವುದು ಜೀವಮಾನದ ಕೆಲಸವಾಗಿದ್ದರೂ, ನನ್ನದೇ ಸಂಘದ ಲೆಕ್ಕವನ್ನು ಬಹಳ ವರ್ಷ ಸರಿಯಾಗಿ ನೋಡದೆ ಕೈಯೆತ್ತಿ ಅನುಮೋದಿಸಿದವರಲ್ಲಿ ನಾನೂ ಒಬ್ಬ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಇಂಥ ನಿಲಯಗಳು ಹುಟ್ಟಿದ ಬಗೆಯನ್ನು ಇಲ್ಲಿ ನೆನೆಯಬೇಕು. ಹಳೆಯ ಮೈಸೂರು ಸಂಸ್ಥಾನದಲ್ಲಿ ಓದು ಮತ್ತು ಸರ್ಕಾರಿ ಕೆಲಸ ಕೆಲವೇ ವರ್ಗಗಳ ಕೈಯಲ್ಲಿದ್ದ ಕಾಲದಲ್ಲಿ, ಹಿಂದುಳಿದ ಸಮುದಾಯಗಳು ತಾವೇ ಸಂಘ ಕಟ್ಟಿಕೊಂಡು ಮಕ್ಕಳನ್ನು ಪಟ್ಟಣಕ್ಕೆ ತಂದವು. ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ 1906ರಲ್ಲಿ ಆರಂಭವಾಯಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸರ್ಕಾರ, ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗುವ ಬಗ್ಗೆ ವಿಚಾರಿಸಲು ಮಿಲ್ಲರ್ ಸಮಿತಿಯನ್ನು ನೇಮಿಸಿದ ಮೇಲೆ ಈ ಎಚ್ಚರ ಇನ್ನಷ್ಟು ಬೆಳೆಯಿತು. ನಮ್ಮ ಸಂಘವೂ ಆ ಪರಂಪರೆಗೆ ಸೇರಿದ್ದು. ಈಗ ಮಾರಾಟದ ಮಾತು ಬಂದಿರುವ ನಿವೇಶನವನ್ನು ಕೊಟ್ಟವರು, ಮಕ್ಕಳ ಓದು ನಡೆಯಲಿ ಎಂದು ಕೊಟ್ಟರು. ಅದು ದತ್ತಿ. ಅದರ ಮೇಲೆ ಇಂದಿನ ಕಾರ್ಯಕಾರಿ ಸಮಿತಿಗೆ ಎಷ್ಟು ಹಕ್ಕಿದೆಯೋ, ಇನ್ನು ಇಪ್ಪತ್ತು ವರ್ಷದ ಮೇಲೆ ಸಿರಾದಿಂದಲೋ ಮಧುಗಿರಿಯಿಂದಲೋ ಟ್ರಂಕು ಹಿಡಿದು ಬರುವ ಹುಡುಗನಿಗೂ ಅಷ್ಟೇ ಹಕ್ಕಿದೆ.

ಏಳು ವರ್ಷಗಳ ಲೆಕ್ಕಪರಿಶೋಧನಾ ವರದಿಗಳನ್ನು ಸಂಘದ ಕಚೇರಿಯಿಂದ ಕೇಳಿ ಪಡೆದು ಒಟ್ಟಿಗೆ ಇಟ್ಟುಕೊಂಡು ನೋಡಿದೆ. ಏಳರಲ್ಲಿ ಆರು ವರ್ಷ ಆದಾಯಕ್ಕಿಂತ ವೆಚ್ಚ ಹೆಚ್ಚಾಗಿದೆ. ಪ್ರತಿ ವರ್ಷದ ವಾರ್ಷಿಕ ವರದಿಯಲ್ಲೂ ಅದಕ್ಕೊಂದು ಕಾರಣವಿದೆ. ಒಂದು ವರ್ಷ ಕೊಳವೆಬಾವಿ ಬತ್ತಿ ಹೊಸದು ಕೊರೆಸಬೇಕಾಯಿತು. ಮತ್ತೊಂದು ವರ್ಷ ಚಾವಣಿಯ ದುರಸ್ತಿ. 2020ರಲ್ಲಿ ಕೊರೋನಾ ಬಂದು ಮಕ್ಕಳು ಊರಿಗೆ ಹೋದರು, ಆದರೆ ಅಡುಗೆಯವರ ಮತ್ತು ಕಾವಲುಗಾರರ ಸಂಬಳ ನಿಲ್ಲಿಸಲಾಗಲಿಲ್ಲ. ನಿಲ್ಲಿಸದೇ ಇದ್ದದ್ದು ಸಮಿತಿಯ ದೊಡ್ಡ ಗುಣ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿಯ ಬೆಲೆ ಕ್ವಿಂಟಲಿಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತಲೂ ಬಹಳ ಕೆಳಗೆ ಬಿದ್ದಾಗ, ತೋಟದವರಿಂದ ಬರುತ್ತಿದ್ದ ದೇಣಿಗೆ ಬರಲಿಲ್ಲ. ಈ ಕಾರಣಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಒಂದು ವರ್ಷದ ಕೊರತೆಯನ್ನು ಆಕಸ್ಮಿಕವೆನ್ನಬಹುದು. ಆರು ವರ್ಷದ ಕೊರತೆಗೆ ಆರು ಆಕಸ್ಮಿಕಗಳನ್ನು ಹೇಳಿದರೆ, ಅವೆಲ್ಲವುಗಳ ಅಡಿಯಲ್ಲಿ ಪ್ರತಿವರ್ಷವೂ ಇರುವ ಒಂದು ಕಾರಣವನ್ನು ಯಾರೂ ಹುಡುಕಲಿಲ್ಲ ಎಂದಾಗುತ್ತದೆ. ಕೊಳವೆಬಾವಿಯ ಖರ್ಚನ್ನೂ ದುರಸ್ತಿಯ ಖರ್ಚನ್ನೂ ಆಯಾ ವರ್ಷದ ಲೆಕ್ಕದಿಂದ ತೆಗೆದು ನಾನು ಮತ್ತೆ ಕೂಡಿ ಕಳೆದು ನೋಡಿದೆ. ಆಗಲೂ ಕೊರತೆ ಉಳಿಯುತ್ತದೆ. ದಿನನಿತ್ಯದ ಊಟ, ಸಂಬಳ, ವಿದ್ಯುತ್, ಸಿಲಿಂಡರ್ ಇಷ್ಟಕ್ಕೇ ನಮ್ಮ ನಿಯಮಿತ ಆದಾಯ ಸಾಲುತ್ತಿಲ್ಲ.

ಇದಕ್ಕೆ ಮುಖ್ಯ ಕಾರಣ ಬಡ್ಡಿ ದರ ಇಳಿದದ್ದು ಎಂಬುದು ನನ್ನ ತಿಳಿವಳಿಕೆ. ನಮ್ಮ ಹಿರಿಯರು ಕಂಡುಕೊಂಡ ವ್ಯವಸ್ಥೆ ಸರಳವಾಗಿತ್ತು: ದಾನಿಗಳ ಹಣವನ್ನು ಮೂಲನಿಧಿಯಾಗಿ ಬ್ಯಾಂಕಿನಲ್ಲಿ ಠೇವಣಿಯಿಟ್ಟು, ಅದರ ಬಡ್ಡಿಯಲ್ಲಿ ಅಡುಗೆಮನೆ ನಡೆಸುವುದು. 2013-14ರ ಹೊತ್ತಿಗೆ ಬ್ಯಾಂಕುಗಳು ಠೇವಣಿಗೆ ಶೇ 9ರ ಆಸುಪಾಸಿನ ಬಡ್ಡಿ ಕೊಡುತ್ತಿದ್ದವು. 2020ರಲ್ಲಿ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯಾದ ರೆಪೊ ದರವನ್ನು ಶೇ 4ಕ್ಕೆ ಇಳಿಸಿದಾಗ, ಸ್ಟೇಟ್ ಬ್ಯಾಂಕಿನ ದೀರ್ಘಾವಧಿ ಠೇವಣಿಯ ಬಡ್ಡಿಯೂ ಶೇ 5.4ಕ್ಕೆ ಇಳಿಯಿತು. ಲೆಕ್ಕ ಸುಲಭವಾಗಲೆಂದು, ಒಂದು ನಿಲಯಕ್ಕೆ 60 ಲಕ್ಷ ರೂಪಾಯಿ ಮೂಲನಿಧಿ ಇದೆ ಎಂದಿಟ್ಟುಕೊಳ್ಳಿ. ಶೇ 9ರಂತೆ ವರ್ಷಕ್ಕೆ 5.40 ಲಕ್ಷ ರೂಪಾಯಿ ಬಡ್ಡಿ ಬರುತ್ತಿತ್ತು, ಶೇ 5.4ರಂತೆ ಬರುವುದು 3.24 ಲಕ್ಷ. ಒಬ್ಬ ವಿದ್ಯಾರ್ಥಿಗೆ ದಿನಕ್ಕೆ 90 ರೂಪಾಯಿಯಂತೆ 300 ದಿನಕ್ಕೆ 27,000 ರೂಪಾಯಿ ಬೇಕೆಂದು ಹಿಡಿದರೆ, ಇಳಿದ 2.16 ಲಕ್ಷ ರೂಪಾಯಿ ಎಂಟು ಮಕ್ಕಳ ವರ್ಷದ ಊಟಕ್ಕೆ ಸಮ. ಯಾರೂ ಕದಿಯಲಿಲ್ಲ, ಯಾರೂ ದುಂದುವೆಚ್ಚ ಮಾಡಲಿಲ್ಲ, ಎಂಟು ಮಕ್ಕಳ ಊಟ ಮಾತ್ರ ಇಲ್ಲವಾಯಿತು. ಆ ಮೇಲೆ ಬಡ್ಡಿ ಸ್ವಲ್ಪ ಏರಿತು ನಿಜ. ಅಷ್ಟರಲ್ಲಿ ಬೇಳೆ, ಎಣ್ಣೆ, ತರಕಾರಿಯ ಬೆಲೆ ಇನ್ನೂ ಮುಂದೆ ಹೋಗಿತ್ತು. ಇಂಥ ಸಮಯದಲ್ಲಿ ಸಂಘ ಹೊಸ ಆದಾಯದ ದಾರಿ ಹುಡುಕಬೇಕಿತ್ತು, ಇಲ್ಲವೇ ಮಕ್ಕಳ ಸಂಖ್ಯೆಯ ಬಗ್ಗೆ ಸಭೆಯಲ್ಲಿ ಮನಬಿಚ್ಚಿ ಮಾತಾಡಬೇಕಿತ್ತು. ಎರಡೂ ಆಗಲಿಲ್ಲ. ವರ್ಷದ ಕೊನೆಯಲ್ಲಿ ಒಂದೊಂದು ಠೇವಣಿಯನ್ನು ಒಡೆದು ಅಂಗಡಿಯ ಬಾಕಿ ತೀರಿಸಲಾಯಿತು. ಠೇವಣಿ ಕರಗಿದಂತೆ ಮರುವರ್ಷದ ಬಡ್ಡಿಯೂ ಕರಗಿತು, ಕೊರತೆ ಬೆಳೆಯಿತು, ಇನ್ನೊಂದು ಠೇವಣಿಯನ್ನು ಒಡೆಯಬೇಕಾಯಿತು.

ಇಷ್ಟಾದರೂ ಸಭೆಗೆ ಬರುವ ಸದಸ್ಯರಿಗೆ ಇದು ಕಾಣಲಿಲ್ಲವೇಕೆ ಎಂದು ಯಾರಾದರೂ ಕೇಳಬಹುದು. ಸಭೆಯಲ್ಲಿ ಹಂಚುವ ವರದಿ ಪುಸ್ತಕದಲ್ಲಿ ಮೊದಲಿಗೆ ಸಿಗುವುದು ಸ್ವೀಕೃತಿ-ಪಾವತಿ ತಃಖ್ತೆ, ಅಂದರೆ ವರ್ಷದಲ್ಲಿ ಕೈಗೆ ಬಂದ ಮತ್ತು ಕೈಬಿಟ್ಟು ಹೋದ ಹಣದ ಪಟ್ಟಿ. ಅದರಲ್ಲಿ ಒಡೆದ ಠೇವಣಿಯ ಹಣವೂ ‘ಸ್ವೀಕೃತಿ’ಯೇ, ಕೈಗಡ ತಂದ ಹಣವೂ ‘ಸ್ವೀಕೃತಿ’ಯೇ; ಹೀಗಾಗಿ ವರ್ಷದ ಕೊನೆಗೆ ಬ್ಯಾಂಕಿನಲ್ಲಿ ನಾಲ್ಕು ಕಾಸು ಉಳಿದಿರುತ್ತದೆ ಮತ್ತು ಖಜಾಂಚಿಯವರು ‘ಅಖೈರು ಶಿಲ್ಕು’, ಅಂದರೆ ಕೊನೆಗೆ ಉಳಿದ ಮೊತ್ತ, ಓದಿದ ಕೂಡಲೇ ಚಪ್ಪಾಳೆ ಬೀಳುತ್ತದೆ. ನಿಜವಾದ ಸ್ಥಿತಿ ಇರುವುದು ಆದಾಯ-ವೆಚ್ಚ ತಃಖ್ತೆಯಲ್ಲಿ ಮತ್ತು ಸಂಘದ ಆಸ್ತಿ, ಹೊಣೆಗಳನ್ನು ತೋರಿಸುವ ಅಢಾವೆ ಪತ್ರಿಕೆಯಲ್ಲಿ (ಬ್ಯಾಲೆನ್ಸ್ ಶೀಟ್). ಊಟದ ಹೊತ್ತು ಸಮೀಪಿಸಿರುವಾಗ ಆ ಪುಟಗಳವರೆಗೆ ಹೋಗುವವರು ಕಡಿಮೆ.

ಆ ಪುಟಗಳಲ್ಲೂ ಕೆಲವು ನಮೂದುಗಳನ್ನು ಎಚ್ಚರದಿಂದ ಓದಬೇಕು. ಹೊಸ ಆಜೀವ ಸದಸ್ಯರು ಕಟ್ಟಿದ ಶುಲ್ಕವನ್ನು ನಮ್ಮಲ್ಲಿ ಆಯಾ ವರ್ಷದ ಆದಾಯವೆಂದೇ ತೋರಿಸಲಾಗುತ್ತಿದೆ. ಒಬ್ಬ ಸದಸ್ಯ ಜೀವಮಾನದಲ್ಲಿ ಒಮ್ಮೆ ಕೊಡುವ ಹಣ ಅದು, ಮೂಲನಿಧಿಗೆ ಸೇರಬೇಕಾದದ್ದು. ಏಳು ವರ್ಷದಲ್ಲಿ ಒಂದೇ ಒಂದು ವರ್ಷ ಉಳಿತಾಯ ಕಂಡುಬಂದಿದೆ ಎಂದೆನಷ್ಟೆ. ಅದು ಸಂಘದ ಚುನಾವಣೆಗೆ ಮುಂಚಿನ ವರ್ಷ, ಹೊಸ ಸದಸ್ಯರು ದೊಡ್ಡ ಸಂಖ್ಯೆಯಲ್ಲಿ ಸೇರಿದ ವರ್ಷ. ಆ ಶುಲ್ಕವನ್ನು ಬೇರೆ ತೆಗೆದರೆ ಅದೂ ಕೊರತೆಯ ವರ್ಷವೇ. ಹಾಗೆಯೇ ಸುಗ್ಗಿಯಲ್ಲಿ ಹಳ್ಳಿಗಳಿಂದ ಬರುವ ರಾಗಿ, ತೆಂಗಿನಕಾಯಿ, ಮದುವೆ ಮನೆಗಳಿಂದ ಬರುವ ಅಕ್ಕಿ ಮೂಟೆ ಇವುಗಳಿಗೆ ರಸೀದಿ ಪುಸ್ತಕವಿದ್ದರೂ ಲೆಕ್ಕದಲ್ಲಿ ಬೆಲೆ ಕಟ್ಟುತ್ತಿಲ್ಲ. ಹೀಗಾಗಿ ಒಂದು ಮಗುವಿನ ಊಟಕ್ಕೆ ನಿಜವಾಗಿ ಎಷ್ಟು ತಗಲುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ. ರಾಗಿ ಚೆನ್ನಾಗಿ ಬಂದ ವರ್ಷ ಖರ್ಚು ಕಡಿಮೆ ಕಾಣುತ್ತದೆ, ಮಳೆ ಹೋದ ವರ್ಷ ಹೆಚ್ಚಾಗುತ್ತದೆ, ಸಮಿತಿ ಎರಡಕ್ಕೂ ತಾನೇ ಕಾರಣವೆಂದು ಹೊಗಳಿಕೆ ಅಥವಾ ಬೈಗುಳ ಪಡೆಯುತ್ತದೆ.

ನಿಲಯಕ್ಕೆ ಬಂದವರೆಲ್ಲ ಹೊಸ ಕಟ್ಟಡವನ್ನು ನೋಡಿ, ಇಂಥ ಸಂಸ್ಥೆಗೆ ಹಣದ ಕೊರತೆಯೇ ಎಂದು ಆಶ್ಚರ್ಯಪಡುತ್ತಾರೆ. ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು. ಸಂಸದರ ಪ್ರದೇಶಾಭಿವೃದ್ಧಿ ನಿಧಿಯಿಂದ ಕಟ್ಟಡದಂಥ ಬಾಳಿಕೆಯ ಆಸ್ತಿ ಮಾಡಿಕೊಳ್ಳಬಹುದು. ಸಂಬಳ, ದಿನಸಿಯಂಥ ಆವರ್ತಕ ವೆಚ್ಚಕ್ಕೆ ಅದರಲ್ಲಿ ಅವಕಾಶವಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಪ್ರಕರಣದಂತೆ, ನಿಗದಿತ ಗಾತ್ರ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ವಸಂತನರಸಾಪುರದಲ್ಲಿ ದೊಡ್ಡ ಕೈಗಾರಿಕಾ ಪ್ರದೇಶವಿರುವ ನಮ್ಮ ಜಿಲ್ಲೆಗೆ ಇದು ಸಣ್ಣ ಅವಕಾಶವೇನಲ್ಲ. ಆದರೆ ಕಂಪನಿಗಳು ಸಹಜವಾಗಿಯೇ ಎಣಿಸಿ, ಫೋಟೊ ತೆಗೆದು ವರದಿಯಲ್ಲಿ ಹಾಕಬಹುದಾದದ್ದನ್ನು ಕೊಡಲು ಇಷ್ಟಪಡುತ್ತವೆ. ನಮಗೂ ಶುದ್ಧ ನೀರಿನ ಘಟಕ ಬಂತು, ಸೋಲಾರ್ ವಾಟರ್ ಹೀಟರ್ ಬಂತು, ಕಂಪ್ಯೂಟರುಗಳು ಬಂದವು. ಎಲ್ಲವೂ ಬೇಕಾದವೇ. ಬಂದ ಪ್ರತಿಯೊಂದಕ್ಕೂ ವರ್ಷ ವರ್ಷ ವಿದ್ಯುತ್ ಬಿಲ್ಲು, ದುರಸ್ತಿ, ಫಿಲ್ಟರ್ ಬದಲಾವಣೆ ಎಂಬ ಹೊಸ ಖರ್ಚು ಹುಟ್ಟಿಕೊಂಡಿತು. ಆ ಖರ್ಚಿಗೆ ಹಣವನ್ನು ಯಾರೂ ಕೊಡಲಿಲ್ಲ, ನಾವೂ ಕೇಳಲಿಲ್ಲ. ಕಟ್ಟಡ ಸ್ವೀಕರಿಸುವಾಗ ಮುಂದಿನ ಹತ್ತು ವರ್ಷದ ನಿರ್ವಹಣೆ ಹೇಗೆ ಎಂಬ ಒಂದು ಪುಟದ ಅಂದಾಜನ್ನು ಸಮಿತಿ ತಯಾರಿಸಿದ್ದರೆ, ದಾನಿ ಕಂಪನಿಯ ಮುಂದೆ ಅದನ್ನು ಇಡಬಹುದಿತ್ತು. ಮಹಡಿಗಳು ಏರುತ್ತ ಹೋದಂತೆ ಅಡುಗೆಮನೆಯ ಬಾಕಿಯೂ ಏರಿದ್ದರ ಮರ್ಮ ಇದು.

ಅಢಾವೆ ಪತ್ರಿಕೆಯ ಹೊಣೆಗಳ ಕಡೆಯಲ್ಲಿ ಎರಡು ಸಂಗತಿಗಳು ನನ್ನನ್ನು ಹೆಚ್ಚು ಕಾಡಿದವು. ಮೊದಲನೆಯದು, ಪದಾಧಿಕಾರಿಗಳಿಂದ ಪಡೆದ ಕೈಗಡ. ದಿನಸಿ ಅಂಗಡಿಯವರು ಸಾಮಾನು ನಿಲ್ಲಿಸುವುದಾಗಿ ಹೇಳಿದ ದಿನ, ಸಮಿತಿಯ ಹಿರಿಯರೊಬ್ಬರು ತಮ್ಮ ಜೇಬಿನಿಂದ ಹಣ ಕೊಟ್ಟು ಮಕ್ಕಳ ಊಟ ನಿಲ್ಲದಂತೆ ನೋಡಿಕೊಂಡರು. ಅವರ ಮನಸ್ಸನ್ನು ನಾನು ಪ್ರಶ್ನಿಸುವುದಿಲ್ಲ; ನಾವು ಕೃತಜ್ಞರಾಗಿರಬೇಕು. ಆದರೆ ಅಂದು ತುರ್ತಿಗೆಂದು ಕೊಟ್ಟದ್ದು ವರ್ಷ ವರ್ಷ ಬೆಳೆದು, ಇಂದು ಸಂಘವು ತನ್ನನ್ನು ನಡೆಸುವವರಿಗೇ ಸಾಲಗಾರನಾಗಿದೆ. ಸಾಲ ಕೊಟ್ಟವರೂ ನಿವೇಶನ ಮಾರಾಟವನ್ನು ತೀರ್ಮಾನಿಸುವವರೂ ಒಂದೇ ಮೇಜಿನ ಸುತ್ತ ಕುಳಿತಾಗ, ಎಷ್ಟೇ ಪ್ರಾಮಾಣಿಕರಾದರೂ ಅವರ ತೀರ್ಮಾನದ ಮೇಲೆ ಮಾತು ಬರುತ್ತದೆ. ಆ ಮಾತಿಗೆ ಅವರನ್ನು ಗುರಿ ಮಾಡದಿರುವುದು ಸದಸ್ಯರಾದ ನಮ್ಮ ಹೊಣೆ.

ಎರಡನೆಯದು ಅಢಾವೆ ಪತ್ರಿಕೆಯಲ್ಲಿ ಇರಬೇಕಾಗಿದ್ದು ಇಲ್ಲದಿರುವ ಸಂಗತಿ. ನಿಲಯದಲ್ಲಿ ಅಡುಗೆಯವರು, ಸಹಾಯಕರು, ವಾರ್ಡನ್, ಕಾವಲುಗಾರರು ಎಲ್ಲ ಸೇರಿ ಹತ್ತಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುತ್ತಿದ್ದಾರೆ. 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯಲ್ಲಿ ಹತ್ತು ಅಥವಾ ಹೆಚ್ಚು ನೌಕರರಿದ್ದ ಸಂಸ್ಥೆ, ಐದು ವರ್ಷ ಸೇವೆ ಪೂರೈಸಿದವರಿಗೆ, ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ವೇತನದಂತೆ ಗ್ರಾಚ್ಯುಟಿ ಕೊಡಬೇಕೆಂದು ಹೇಳಲಾಗಿತ್ತು; 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಹೊಣೆ ಮುಂದುವರಿದಿದೆ. ತಿಂಗಳಿಗೆ 13,000 ರೂಪಾಯಿ ಪಡೆಯುವ ಅಡುಗೆಯವರೊಬ್ಬರು 22 ವರ್ಷ ದುಡಿದು ನಿವೃತ್ತರಾದರೆ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ ಅವರಿಗೆ ಸಲ್ಲಬೇಕಾದದ್ದು 1,65,000 ರೂಪಾಯಿ. ನಮ್ಮ ಲೆಕ್ಕದಲ್ಲಿ ಇದಕ್ಕಾಗಿ ತೆಗೆದಿಟ್ಟ ಹಣ ಶೂನ್ಯ. ನಾನು ಓದುವಾಗ ನನಗೆ ಮುದ್ದೆ ಬಡಿಸಿದ ಅಡುಗೆಯವರು ವಯಸ್ಸಾಗಿ ಕೆಲಸ ಬಿಟ್ಟಾಗ ಒಂದು ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಲಾಯಿತು ಎಂದು ಆ ಮೇಲೆ ತಿಳಿಯಿತು. ಅಂದು ನಾನು ಬೇರೆ ಊರಿನಲ್ಲಿದ್ದೆ, ಕೇಳಲಿಲ್ಲ. ಅವರ ಮಗಳ ಮನೆಗೆ ಹೋಗಿ ಮಾತಾಡಿಸಿದಾಗ ಅವರು ಗ್ರಾಚ್ಯುಟಿಯ ಮಾತನ್ನೇ ಎತ್ತಲಿಲ್ಲ; ‘ಈಗ ಹುಡುಗರು ಎಷ್ಟು ಜನ ಇದ್ದಾರಪ್ಪ?’ ಎಂದು ಕೇಳಿದರು. ನೌಕರರಿಗೆ ಕೊಡಬೇಕಾದದ್ದನ್ನು ಬರೆದುಕೊಳ್ಳದೆ ತೋರಿಸುವ ಕೊರತೆ ನಿಜವಾದ ಕೊರತೆಗಿಂತ ಚಿಕ್ಕದು. ಉಳಿದ ಭಾಗವನ್ನು ಇಂಥ ಬಡ ನೌಕರರು ಹೊತ್ತಿದ್ದಾರೆ.

ಈಗ ನಿವೇಶನದ ವಿಚಾರ. ಆಸ್ತಿ ಮಾರಲೇಬಾರದು ಎಂಬ ಹಟ ನನಗಿಲ್ಲ. ಉಪಯೋಗವಿಲ್ಲದೆ ಬಿದ್ದಿರುವ ನಿವೇಶನವನ್ನು ಮಾರಿ, ಆ ಹಣದಲ್ಲಿ ಆದಾಯ ತರುವ ಇನ್ನೊಂದು ಆಸ್ತಿ ಮಾಡಿಕೊಂಡರೆ ದಾನಿಯ ಉದ್ದೇಶಕ್ಕೆ ಚ್ಯುತಿಯಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯೂ ಧರ್ಮಾರ್ಥ ಸಂಸ್ಥೆ ಒಂದು ಆಸ್ತಿ ಮಾರಿದ ಹಣವನ್ನು ಮತ್ತೊಂದು ಆಸ್ತಿಯಲ್ಲಿ ತೊಡಗಿಸಿದರೆ ಅದನ್ನು ತೆರಿಗೆ ಬೀಳದ ಧರ್ಮಾರ್ಥ ವಿನಿಯೋಗವೆಂದೇ ಒಪ್ಪಿತ್ತು. ಆದರೆ ಸಮಿತಿಯ ಸದಸ್ಯರು ಖಾಸಗಿಯಾಗಿ ಹೇಳುತ್ತಿರುವುದು ಬೇರೆ: ಮಾರಾಟದ ಹಣದಿಂದ ಕೈಗಡ ತೀರಿಸುವುದು, ಅಂಗಡಿಗಳ ಬಾಕಿ ಕೊಡುವುದು, ಉಳಿದದ್ದರಲ್ಲಿ ನಾಲ್ಕೈದು ವರ್ಷ ನಿಲಯ ನಡೆಸುವುದು. ಆರನೆಯ ವರ್ಷದ ವಿಚಾರವನ್ನು ಯಾರೂ ಹೇಳುತ್ತಿಲ್ಲ. ಆಗ ಮಾರಲು ಇನ್ನೊಂದು ನಿವೇಶನವಿಲ್ಲ, ಒಡೆಯಲು ಠೇವಣಿಯೂ ಇರುವುದಿಲ್ಲ.

ತೆರಿಗೆಯ ದೃಷ್ಟಿಯಿಂದಲೂ ಕೊರತೆಯನ್ನು ಹಗುರವಾಗಿ ಕಾಣುವ ಕಾಲ ಮುಗಿದಿದೆ. ಹಿಂದಿನ ವರ್ಷದ ಕೊರತೆಯನ್ನು ಮುಂದಿನ ವರ್ಷಕ್ಕೆ ಒಯ್ದು ಆ ವರ್ಷದ ಆದಾಯದ ವಿನಿಯೋಗವೆಂದು ತೋರಿಸಲು ಮೊದಲು ನ್ಯಾಯಾಲಯಗಳು ಅವಕಾಶ ಕೊಟ್ಟಿದ್ದವು. 2021ರ ತಿದ್ದುಪಡಿ ಆ ದಾರಿಯನ್ನು ಮುಚ್ಚಿತು. ಮೂಲನಿಧಿಯಿಂದ ತೆಗೆದು ಮಾಡಿದ ಖರ್ಚನ್ನೂ, ಆ ಹಣವನ್ನು ಮತ್ತೆ ನಿಧಿಗೆ ತುಂಬುವವರೆಗೆ, ವಿನಿಯೋಗವೆಂದು ಒಪ್ಪುವುದಿಲ್ಲ ಎಂದಾಯಿತು. ಸಣ್ಣ ಸಂಘಗಳ ಖಜಾಂಚಿಗಳಲ್ಲಿ ಎಷ್ಟು ಮಂದಿ ಇದನ್ನು ತಮ್ಮ ಲೆಕ್ಕಪರಿಶೋಧಕರೊಂದಿಗೆ ಕುಳಿತು ಚರ್ಚಿಸಿದ್ದಾರೆ ಎಂಬ ಚಿಂತೆ ನನಗಿದೆ. ಇನ್ನೊಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಬಡ್ಡಿ ಸಾಲದೆಂದು ಕೆಲವು ಸಂಘಗಳು ಮೂಲನಿಧಿಯನ್ನು ಬ್ಯಾಂಕಿನಿಂದ ತೆಗೆದು, ಒಂದೆರಡು ಶೇಕಡಾ ಹೆಚ್ಚು ಕೊಡುವ ಪತ್ತಿನ ಸಹಕಾರ ಸಂಘಗಳಲ್ಲಿ ಇಡುತ್ತಿವೆ. 2020ರಿಂದ 5 ಲಕ್ಷ ರೂಪಾಯಿವರೆಗೆ ಇರುವ ಠೇವಣಿ ವಿಮೆ ಬ್ಯಾಂಕುಗಳಿಗೆ ಮಾತ್ರ. ಪತ್ತಿನ ಸಂಘಗಳಿಗೆ ಅದಿಲ್ಲ. ಮಕ್ಕಳ ಹಣವನ್ನು ಆ ಅಪಾಯಕ್ಕೆ ಒಡ್ಡಬಾರದು.

ಹಾಗಾದರೆ ದಾರಿಯೇನು? ಪ್ರತಿವರ್ಷ ಬರುವ ಖರ್ಚಿಗೆ ಪ್ರತಿವರ್ಷ ಬರುವ ಹಣವನ್ನೇ ಹೊಂದಿಸಬೇಕು ಎಂಬುದೊಂದೇ ನನ್ನ ವಾದ. ಅದಕ್ಕೆ ಮೊದಲು ಒಂದು ಮಗುವಿಗೆ ಒಂದು ದಿನಕ್ಕೆ ನಿಜವಾಗಿ ಎಷ್ಟು ಖರ್ಚಾಗುತ್ತದೆ ಎಂಬ ಅಂಕಿ ಬೇಕು. ದಾನವಾಗಿ ಬಂದ ರಾಗಿಗೂ ಬೆಲೆ ಕಟ್ಟಿ, ಗ್ರಾಚ್ಯುಟಿಗೆ ತೆಗೆದಿಡಬೇಕಾದದ್ದನ್ನೂ ಕಟ್ಟಡದ ಸವಕಳಿಯನ್ನೂ ಸೇರಿಸಿ ಬರುವ ಅಂಕಿ. ಅದನ್ನು ನಿಲಯದ ಬಾಗಿಲಲ್ಲೇ ಬರೆದು ಹಾಕಬಹುದು. ಮಗುವಿನ ಹುಟ್ಟುಹಬ್ಬಕ್ಕೆ, ಹಿರಿಯರ ತಿಥಿಗೆ ಒಂದು ದಿನದ ಊಟ ಹಾಕಿಸಲು ಬರುವವರು ನಮ್ಮಲ್ಲಿ ಬಹಳ ಮಂದಿಯಿದ್ದಾರೆ. ಅವರಿಂದ ಈಗ ಪಡೆಯುತ್ತಿರುವ ಮೊತ್ತ ಎಷ್ಟೋ ವರ್ಷಗಳ ಹಿಂದೆ ನಿಗದಿಯಾದದ್ದು. ಅದರಲ್ಲಿ ಪಾಯಸವಿರಲಿ, ಸಾರಿಗೂ ಸಾಲದು. ಊಟ ಹಾಕಿಸಿದೆನೆಂಬ ತೃಪ್ತಿಯಿಂದ ದಾನಿ ಮನೆಗೆ ಹೋಗುತ್ತಾನೆ, ಉಳಿದರ್ಧ ಖರ್ಚನ್ನು ಮೂಲನಿಧಿ ಭರಿಸುತ್ತದೆ. ನಿಜವಾದ ಖರ್ಚು ಇಷ್ಟು ಎಂದು ತಿಳಿಸಿದರೆ ಕೊಡಲು ಹಿಂಜರಿಯುವವರನ್ನು ನಾನು ನಮ್ಮ ಜಿಲ್ಲೆಯಲ್ಲಿ ಕಂಡಿಲ್ಲ.

ನಿಲಯದ ಮುಂಭಾಗದ ಮಳಿಗೆಗಳ ಬಾಡಿಗೆಯದು ಕಠಿಣವಾದ ಮಾತು, ಆದರೂ ಹೇಳಬೇಕು. ಅಕ್ಕಪಕ್ಕದ ಮಳಿಗೆಗಳ ಬಾಡಿಗೆ ಹಲವು ಪಟ್ಟು ಏರಿದ್ದರೂ ನಮ್ಮವು ಹಳೆಯ ಕರಾರಿನಲ್ಲೇ ಇವೆ. ಬಾಡಿಗೆದಾರರು ಸಂಘದವರೇ, ಪರಿಚಯದವರೇ ಎಂಬ ಸಂಕೋಚದಿಂದ ಯಾರೂ ಕೇಳಿಲ್ಲ. ನಿವೇಶನ ಮಾರುವುದಕ್ಕೆ ಮುನ್ನ ಈ ಕರಾರುಗಳನ್ನು ಪರಿಷ್ಕರಿಸುವುದು ನ್ಯಾಯ. ಸ್ಥಿತಿವಂತರ ಮಕ್ಕಳಿಂದ ಅರ್ಧ ವೆಚ್ಚವನ್ನಾದರೂ ಪಡೆಯಬೇಕೇ ಎಂಬುದೂ ಚರ್ಚೆಗೆ ಬರಲಿ. ಎಲ್ಲರಿಗೂ ಉಚಿತವಾಗಿಯೇ ಇರಬೇಕೆಂಬ ಹಿರಿಯರ ಮಾತಿನಲ್ಲಿ ತೂಕವಿದೆ, ಏಕೆಂದರೆ ಕೊಡುವವರು ಕೊಡದವರು ಎಂಬ ಭೇದ ಒಂದೇ ಪಂಕ್ತಿಯಲ್ಲಿ ಕಾಣಬಾರದು. ಯಾರು ಕೊಟ್ಟರು ಎಂಬುದು ಕಚೇರಿಯ ಲೆಕ್ಕದಲ್ಲಿ ಮಾತ್ರ ಇರುವಂತೆ ಮಾಡಿದರೆ ಈ ಆತಂಕ ತಪ್ಪುತ್ತದೆ ಎಂದು ನನಗೆ ತೋರುತ್ತದೆ.

ಎಲ್ಲಕ್ಕಿಂತ ದೊಡ್ಡ ಆಸರೆ ನಮ್ಮಂಥ ಹಳೆಯ ವಿದ್ಯಾರ್ಥಿಗಳು. ವರ್ಷಕ್ಕೆ 6 ಲಕ್ಷ ರೂಪಾಯಿ ಕೊರತೆ ಎಂದುಕೊಂಡರೆ, ತಿಂಗಳಿಗೆ 500 ರೂಪಾಯಿಯಂತೆ ಕೊಡುವ ನೂರು ಜನ ಅದನ್ನು ತುಂಬುತ್ತಾರೆ. ಈ ನಿಲಯದಲ್ಲಿ ಉಂಡು ಹೋಗಿ ಸರ್ಕಾರಿ ಹುದ್ದೆಗಳಲ್ಲಿ, ಬೆಂಗಳೂರಿನ ಕಂಪನಿಗಳಲ್ಲಿ, ಹೊರದೇಶಗಳಲ್ಲಿ ಇರುವವರ ಸಂಖ್ಯೆ ಸಾವಿರಗಳಲ್ಲಿದೆ. ದಾಖಲಾತಿ ಪುಸ್ತಕಗಳು ಕಚೇರಿಯ ಬೀರುವಿನಲ್ಲಿವೆ. ವಿಳಾಸಪಟ್ಟಿ ಮಾತ್ರ ಇಲ್ಲ. ವಾರ್ಷಿಕೋತ್ಸವಕ್ಕೆ ಒಬ್ಬಿಬ್ಬರು ದೊಡ್ಡ ಅಧಿಕಾರಿಗಳನ್ನು ಕರೆದು ಸನ್ಮಾನಿಸುತ್ತೇವೆ, ಸಾಮಾನ್ಯ ನೌಕರಿಯಲ್ಲಿರುವ ನೂರಾರು ಮಂದಿಯನ್ನು ಕೇಳುವುದೇ ಇಲ್ಲ. ದೇಣಿಗೆಗೆ ತೆರಿಗೆ ವಿನಾಯಿತಿ ಇದೆ ಎಂಬ ಒಂದೇ ಸಾಲನ್ನು ಮನವಿ ಪತ್ರದಲ್ಲಿ ಮುದ್ರಿಸಿದರೆ ಈಗ ಸಾಲದು. ಸಂಬಳದಾರರಲ್ಲಿ ಹೆಚ್ಚಿನವರು ಹೋಗಿರುವ ಹೊಸ ತೆರಿಗೆ ಪದ್ಧತಿಯಲ್ಲಿ ಈ ವಿನಾಯಿತಿ ಸಿಗುವುದಿಲ್ಲ. ಅವರಿಗೆ ಬೇಕಾದದ್ದು ಮೂರು ತಿಂಗಳಿಗೊಮ್ಮೆ ತಲುಪುವ ಒಂದು ಪುಟದ ಲೆಕ್ಕ.

ನನ್ನ ತಾಯಿ ಅಕ್ಕಿ ಅಥವಾ ರಾಗಿ ಹಿಟ್ಟು ಅಳೆಯುವಾಗ ಒಂದು ಹಿಡಿಯನ್ನು ಬೇರೊಂದು ಮಡಕೆಗೆ ಹಾಕುತ್ತಿದ್ದರು. ಮಠದವರೋ ನಿಲಯದವರೋ ಬಂದ ದಿನ ಅದನ್ನು ಸುರಿದು ಕೊಡುತ್ತಿದ್ದರು. ನಮ್ಮ ನಗರದ ಪಕ್ಕದಲ್ಲೇ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳ ದಾಸೋಹ ನಡೆಯುತ್ತಿದೆ. 2019ರ ಜನವರಿ 21ರಂದು ತಮ್ಮ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರು ಹಳ್ಳಿ ಹಳ್ಳಿಗೆ ಹೋಗಿ ಭಕ್ತರನ್ನು ಆ ದಾಸೋಹದಲ್ಲಿ ಪಾಲುದಾರರನ್ನಾಗಿ ಮಾಡಿದರು. ಅವರ ನಂತರವೂ ಧಾನ್ಯದ ಗಾಡಿಗಳು ಬರುತ್ತಲೇ ಇವೆ. ನಮ್ಮ ಸಣ್ಣ ಸಂಘವನ್ನು ಆ ಮಠಕ್ಕೆ ಹೋಲಿಸಲಾಗದು. ಆದರೂ ಸಾವಿರಾರು ಮನೆಗಳಿಂದ ಪ್ರತಿವರ್ಷ ಬರುವ ಸಣ್ಣ ಕೊಡುಗೆಗೆ ಎಷ್ಟು ಬಲವಿದೆ ಎಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ.

ಈ ಪತ್ರ ಓದಿ ಸಮಿತಿಯ ಹಿರಿಯರಿಗೆ ನೋವಾಗಬಹುದು. ಸಂಬಳವಿಲ್ಲದೆ, ಸ್ವಂತ ಕೆಲಸ ಬಿಟ್ಟು, ರಾತ್ರಿ ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಓಡುವವರು ಅವರು. ಹಣ ದುರುಪಯೋಗವಾಗಿದೆ ಎಂದು ನಾನು ಹೇಳುತ್ತಿಲ್ಲ. ಏಳು ವರ್ಷದ ವೋಚರುಗಳಲ್ಲಿ ಅಂಥದ್ದೇನೂ ನನ್ನ ಕಣ್ಣಿಗೆ ಬಿದ್ದಿಲ್ಲ. ಕೊರತೆಯ ಭಾರವನ್ನು ಅವರು ತಾವಷ್ಟೇ ಹೊತ್ತುಕೊಂಡು, ಸಂಘದ ಮರ್ಯಾದೆ ಹೋಗಬಾರದೆಂದು ಸದಸ್ಯರಿಂದ ಮರೆಮಾಡಿದರು. ಹಂಚಿಕೊಂಡಿದ್ದರೆ ನಾಲ್ಕು ವರ್ಷದ ಹಿಂದೆಯೇ ನಾವೆಲ್ಲ ಹೆಗಲು ಕೊಡಬಹುದಿತ್ತು.

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಸಂಘವು ಮಹಾಸಭೆ ನಡೆದ ಹದಿನಾಲ್ಕು ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರಗಳನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಮೂರನೇ ಒಂದರಷ್ಟು ಸದಸ್ಯರು ಅರ್ಜಿ ಕೊಟ್ಟರೆ 25ನೇ ಪ್ರಕರಣದಡಿ ವಿಚಾರಣೆ ನಡೆಸಲು, ಮುಂದೆ ಆಡಳಿತಾಧಿಕಾರಿಯನ್ನು ನೇಮಿಸಲು ಕೂಡ ಕಾಯ್ದೆಯಲ್ಲಿ ಅವಕಾಶವಿದೆ. ನಮ್ಮ ಸಂಘ ಆ ಹಂತಕ್ಕೆ ಹೋಗುವುದನ್ನು ನಾನು ಬಯಸುವುದಿಲ್ಲ. ಆಡಳಿತಾಧಿಕಾರಿ ಬಂದರೆ ಬಾಗಿಲಿನ ಬೀಗದ ಕೈ ಸುರಕ್ಷಿತವಾಗಿರುತ್ತದೆ. ಮದುವೆ ಮನೆಯವರಿಗೆ ಫೋನ್ ಮಾಡಿ ಅಕ್ಕಿ ಮೂಟೆ ಕಳಿಸಿ ಎಂದು ಕೇಳುವವರು ಯಾರೂ ಇರುವುದಿಲ್ಲ.

ಆದ್ದರಿಂದ ಸಮಿತಿಯಲ್ಲಿ ನನ್ನ ಕೋರಿಕೆ ಇಷ್ಟೇ. ಐದನೇ ವಿಷಯವನ್ನು ಈ ಸಭೆಯಲ್ಲಿ ತೀರ್ಮಾನಿಸದೆ ಮೂರು ತಿಂಗಳು ಮುಂದೂಡಿ ವಿಶೇಷ ಸಭೆ ಕರೆಯಲಿ. ಅದಕ್ಕೆ ಹದಿನೈದು ದಿನ ಮೊದಲು, ಏಳು ವರ್ಷಗಳ ಆದಾಯ-ವೆಚ್ಚ ಮತ್ತು ಅಢಾವೆ ಪತ್ರಿಕೆಗಳ ಪ್ರತಿ, ಮೂಲನಿಧಿ ಏಳು ವರ್ಷದ ಹಿಂದೆ ಎಷ್ಟಿತ್ತು ಇಂದು ಎಷ್ಟಿದೆ ಎಂಬ ವಿವರ, ಯಾರ ಕೈಗಡ ಎಷ್ಟು ಎಂಬ ಪಟ್ಟಿ, ಮಳಿಗೆಗಳ ಕರಾರು ಮತ್ತು ಬಾಡಿಗೆ, ನೌಕರರಿಗೆ ಸಲ್ಲಬೇಕಾದ ಗ್ರಾಚ್ಯುಟಿಯ ಮೊತ್ತ ಇವೆಲ್ಲವೂ ನಿಲಯದ ಕಚೇರಿಯಲ್ಲಿ ಸದಸ್ಯರ ಪರಿಶೀಲನೆಗೆ ಸಿಗಲಿ. ಕೈಗಡ ಕೊಟ್ಟ ಪದಾಧಿಕಾರಿಗಳು ನಿವೇಶನದ ಠರಾವಿನ ಮತದಾನದಿಂದ ದೂರ ಉಳಿಯಲಿ. ಆ ಮೂರು ತಿಂಗಳಲ್ಲಿ ದಾಖಲಾತಿ ಪುಸ್ತಕಗಳಿಂದ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡುವ ಕೆಲಸವನ್ನು ನಾನು ಮತ್ತು ನನ್ನ ಇಬ್ಬರು ನಿವೃತ್ತ ಸ್ನೇಹಿತರು ಮಾಡಿಕೊಡಲು ಸಿದ್ಧರಿದ್ದೇವೆ. ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಕಚೇರಿಗೆ ಬರುತ್ತೇವೆ, ಬೀರುವಿನ ಬಾಗಿಲು ತೆಗೆಸಿಕೊಟ್ಟರೆ ಸಾಕು. ತಿಂಗಳಿಗೆ 500 ರೂಪಾಯಿ ಕೊಡುವ ನೂರು ಜನರ ಪಟ್ಟಿಯಲ್ಲಿ ಮೊದಲ ಮೂರು ಹೆಸರು ನಮ್ಮವೇ ಆಗಿರುತ್ತವೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಆಜೀವ ಸದಸ್ಯ ಹಾಗೂ ಹಳೆಯ ವಿದ್ಯಾರ್ಥಿ,
ತುಮಕೂರು